ಹಳೇ ಆಕ್ಟೇವಿಯಾ ಆರ್‌ಎಸ್ ಕೊಂಡಿದ್ದೀನಿ, ಟರ್ಬೊ ಹೋಗಿದೆ ಅಂತಾರೆ: ದುಡ್ಡು ಮೊದಲು ಎಲ್ಲಿ ಹಾಕಲಿ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 28. ಈಚೆಗೆ ಬೆಂಗಳೂರಿನಲ್ಲಿ 2007ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೊಂಡೆ. ಪೆಟ್ರೋಲ್ ಟರ್ಬೊ, ಕೆಂಪು ಬಣ್ಣ, ಮೀಟರಿನಲ್ಲಿ 1.4 ಲಕ್ಷ ಕಿಲೋಮೀಟರ್. ನಾನು ಮೂರನೇ ಓನರ್. ಸರ್ವಿಸ್ ಪುಸ್ತಕ 2015ಕ್ಕೇ ನಿಂತುಹೋಗಿದೆ. ಗಾಡಿ ಓಡುತ್ತದೆ, ಆದರೆ ಜನ ಹೇಳುವಂಥ ಪಿಕಪ್ ಇಲ್ಲ. ಐಡಲ್‌ನಲ್ಲಿ ನಡುಗುತ್ತದೆ, ಇಂಜಿನ್ ಲೈಟ್ ಬಂದು ಹೋಗಿ ಮಾಡುತ್ತದೆ. ಇಲ್ಲಿನ ಮೆಕ್ಯಾನಿಕ್ ಪೈಪ್ ಬಿಚ್ಚಿ ನೋಡಿ, "ಒಳಗೆ ಆಯಿಲ್ ಇದೆ, ಟರ್ಬೊ ಹೋಗಿದೆ" ಅಂದರು. ನನ್ನ ಹತ್ತಿರ ಮೂರು ಲಕ್ಷ ಇದೆ. ಟರ್ಬೊ ಬದಲಿಸಿ, 200 ಎಚ್‌ಪಿಗೆ ರೀಮ್ಯಾಪ್ ಮಾಡಿಸಿ, ಬ್ಲೋ-ಆಫ್ ವಾಲ್ವ್, 18 ಇಂಚಿನ ಅಲಾಯ್, ಲೋವರಿಂಗ್ ಸ್ಪ್ರಿಂಗ್, ದೊಡ್ಡ ಎಕ್ಸಾಸ್ಟ್, ಎಲ್‌ಇಡಿ ಬಲ್ಬ್, ಕೊನೆಗೆ ಹಳದಿ ಬಣ್ಣ ಹಾಕಿಸಬೇಕು ಅಂತ ಆಸೆ. ಅಪ್ಪ ಮಾತ್ರ, "ಹದಿನೈದು ವರ್ಷ ದಾಟಿದ ಗಾಡಿ, ನಾಳೆ ಸರ್ಕಾರದವರು ಗುಜರಿಗೆ ಹಾಕ್ತಾರೆ, ಸುಮ್ನೆ ದುಡ್ಡು ಸುರೀಬೇಡ" ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತುಹೋಗಿವೆ. ಒಂದು, ಗಾಡಿಗೆ ಇರಬೇಕಾದ ಶಕ್ತಿ ಇಲ್ಲ. ಇನ್ನೊಂದು, ಗಾಡಿ ನಿಮ್ಮದು ಅಂತ ಅನ್ನಿಸಬೇಕು. ಎರಡನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಈಗಿನ ಸ್ಥಿತಿಯಲ್ಲಿ ಗಾಡಿಗೆ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಶಕ್ತಿ ಏರಿಸುವುದು) ಹಾಕಿದರೆ, ಮುಂದೆ ತೊಂದರೆ ಬಂದಾಗ ಅದು ಹಳೇ ರೋಗವೋ ಹೊಸ ಪಾರ್ಟಿನ ಕಾಟವೋ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಪಾಡು ಅರ್ಧಕ್ಕೆ ನಿಂತು, ಧೂಳು ಹಿಡಿದು ಗ್ಯಾರೇಜಿಗೆ ಬರುವ ಹಳೇ ಯುರೋಪಿಯನ್ ಗಾಡಿಗಳಲ್ಲಿ ಬಹುಪಾಲಿನದು ಇದೇ ಕಥೆ.

ಅಪ್ಪನ ಮಾತನ್ನು ಮೊದಲು ಮುಗಿಸೋಣ. ಕರ್ನಾಟಕದಲ್ಲಿ ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಖಾಸಗಿ ಪೆಟ್ರೋಲ್ ಕಾರನ್ನು ಗುಜರಿಗೆ ಹಾಕುವುದಿಲ್ಲ. ಆ ಭಯ ಹುಟ್ಟಿದ್ದು ದಿಲ್ಲಿಯ ನಿಯಮದಿಂದ. ಇಲ್ಲಿ 15 ವರ್ಷ ಆದ ಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ, ಫಿಟ್‌ನೆಸ್ ಪಾಸ್ ಮಾಡಿಸಿ, ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಬೇಕು. ನಿಮ್ಮ ಆರ್‌ಸಿಯಲ್ಲಿ ಎಲ್ಲಿಯವರೆಗೆ ಊರ್ಜಿತ ಅಂತ ಬರೆದಿದೆ, ಇವತ್ತೇ ನೋಡಿ. 2007ರ ಗಾಡಿಯಾದ್ದರಿಂದ 2022ರಲ್ಲಿ ಒಮ್ಮೆ ನವೀಕರಣ ಆಗಿರಲೇಬೇಕು. ಆಗಿಲ್ಲದಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಅದನ್ನು ಸರಿಮಾಡಿಸಿ. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ 5,000 ರೂಪಾಯಿ ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ದಾರೆ. ಮುಂದಿನ ಫಿಟ್‌ನೆಸ್‌ಗೆ ಗಾಡಿ ಹೋಗಿ ನಿಲ್ಲಬೇಕಲ್ಲ, ನಿಮ್ಮ ಪಟ್ಟಿಯಲ್ಲಿರುವ ಕೆಲವು ವಸ್ತುಗಳು ಅಲ್ಲೇ ಅಡ್ಡ ಬರುತ್ತವೆ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಟರ್ಬೊ ವಿಷಯ. "ಪೈಪಿನಲ್ಲಿ ಆಯಿಲ್ ಇದೆ, ಟರ್ಬೊ ಹೋಗಿದೆ" ಅನ್ನುವುದು ಈ ಇಂಜಿನ್ ಬಗ್ಗೆ ನಾನು ಅತಿ ಹೆಚ್ಚು ಕೇಳುವ ಮಾತು. ಅದು ಬಹಳ ಸಲ ಸುಳ್ಳು. ನಿಮ್ಮದು 1781 ಸಿಸಿಯ 1.8 ಟರ್ಬೊ. ಸಿಲಿಂಡರ್‌ಗೆ ಐದರಂತೆ ಒಟ್ಟು 20 ವಾಲ್ವ್. ಕ್ರ್ಯಾಂಕ್‌ಕೇಸಿನಲ್ಲಿ ಸೇರುವ ಹಬೆಯನ್ನು ಈ ಇಂಜಿನ್ ಟರ್ಬೊಗೆ ಗಾಳಿ ತರುವ ಪೈಪಿಗೇ ತಿರುಗಿಸಿ ಬಿಡುತ್ತದೆ. ಆ ಹಬೆಯಲ್ಲಿ ಆಯಿಲ್ ಇದ್ದೇ ಇರುತ್ತದೆ. ಅದಕ್ಕೇ ಒಳಗೆ ತೆಳ್ಳಗೆ ಆಯಿಲ್ ಪಸೆ ಕಾಣುವುದು ಸಹಜ. ಇಂಟರ್‌ಕೂಲರ್‌ನಿಂದ (ಟರ್ಬೊ ಗಾಳಿಯನ್ನು ತಣಿಸುವ ಭಾಗ) ಲೋಟಗಟ್ಟಲೆ ಆಯಿಲ್ ಸುರಿದರೆ, ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ, ಆಗ ಅನುಮಾನ ಪಡಬೇಕು. ಪೈಪ್ ತೆಗೆದು ಟರ್ಬೊದ ಫ್ಯಾನನ್ನು ಬೆರಳಿನಲ್ಲಿ ಹಿಡಿದು ನೋಡಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಪರವಾಗಿಲ್ಲ. ಹಿಂದೆ ಮುಂದೆ ಎಳೆದಾಗ ಆಡಬಾರದು. ರೆಕ್ಕೆಯ ತುದಿ ಗೋಡೆಗೆ ತಾಗಿ ಗೀರು ಬಿದ್ದಿರಬಾರದು. ಇಷ್ಟು ಸರಿ ಇದ್ದರೆ ಟರ್ಬೊ ಮುಟ್ಟಬೇಡಿ.

ಹಾಗಾದರೆ ಪಿಕಪ್ ಎಲ್ಲಿ ಹೋಯಿತು? ನಿಮ್ಮ ಲಕ್ಷಣಗಳನ್ನು ಜೋಡಿಸಿ ನೋಡಿದರೆ, ಐಡಲ್‌ನಲ್ಲಿ ನಡುಕ, ಬಂದು ಹೋಗುವ ಲೈಟ್, ಎಳೆತ ಕಡಿಮೆ, ಇವೆಲ್ಲ ಗಾಳಿ ಸೋರಿಕೆಯ ಕಡೆ ಬೆರಳು ಮಾಡುತ್ತವೆ. ಈ ಇಂಜಿನ್ನಿನ ಮೈತುಂಬ ರಬ್ಬರ್ ಪೈಪ್. ಸುಮಾರು ಇಪ್ಪತ್ತು ವರ್ಷ ಇಂಜಿನ್ ಬಿಸಿಯಲ್ಲಿ ಬೆಂದು ಅವು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಅದರಲ್ಲೂ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಕೂತಿರುವ ಬ್ರೀದರ್ ಪೈಪುಗಳು ಕಣ್ಣಿಗೆ ಬೀಳುವುದೇ ಇಲ್ಲ. ಕೈ ತೂರಿಸಿ ಹಿಂಡಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತವೆ. ಇನ್ನೊಂದು ಹೆಸರಾಂತ ಕಳ್ಳ ಡೈವರ್ಟರ್ ವಾಲ್ವ್, ಅಂದರೆ ಕಾಲು ತೆಗೆದಾಗ ಹೆಚ್ಚಾದ ಗಾಳಿಯನ್ನು ವಾಪಸ್ ಒಳಪೈಪಿಗೆ ಬಿಡುವ ಬಾಗಿಲು. ಒಳಗಿನ ರಬ್ಬರ್ ಪರದೆ ಹರಿದರೆ ಟರ್ಬೊ ತುಂಬಿದ ಗಾಳಿ ಹಿಂದಕ್ಕೇ ಜಾರಿಹೋಗುತ್ತದೆ. ವಾಲ್ವ್ ಬಿಚ್ಚಿ, ಸಣ್ಣ ನಳಿಕೆಯಲ್ಲಿ ಬಾಯಿಂದ ಗಾಳಿ ಹೀರಿ ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಹಿಡಿತ ನಿಲ್ಲದಿದ್ದರೆ ಪರದೆ ಹರಿದಿದೆ.

ಪರೀಕ್ಷೆ ಹೀಗೆ ಮಾಡಿಸಿ. ಏರ್ ಫಿಲ್ಟರ್ ಕಡೆಯ ಪೈಪಿನ ಬಾಯಿಗೆ ಬಿರಡೆ ಹಾಕಿ, ಅದರ ಮೂಲಕ 0.7 ಬಾರ್, ಅಂದರೆ 10 ಪಿಎಸ್‌ಐ ಮೀರದಂತೆ ಗಾಳಿ ತುಂಬಬೇಕು. ಇಂಜಿನ್ ಆಫ್ ಇರಲಿ. ಜಾಸ್ತಿ ಕೊಟ್ಟರೆ ಸೀಲ್‌ಗಳೇ ಕಿತ್ತು ಬರುತ್ತವೆ. ಆಮೇಲೆ ಪೈಪ್ ಸೇರುವ ಒಂದೊಂದು ಜಾಗಕ್ಕೂ ಸೋಪು ನೀರು ಸಿಂಪಡಿಸಿ. ಗುಳ್ಳೆ ಬಂದಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು, ಆದರೆ ರೆಗ್ಯುಲೇಟರ್ ಇರಲೇಬೇಕು. ಎಷ್ಟೋ ಗಾಡಿಗಳಲ್ಲಿ ಒಂದು ಕ್ಲ್ಯಾಂಪು, ಎರಡು ಅಡಿ ಪೈಪು, ಒಂದು ಡೈವರ್ಟರ್ ವಾಲ್ವ್ ಬದಲಿಸಿದ ಮೇಲೆ "ರೀಮ್ಯಾಪ್ ಮಾಡಿಸಿದ ಹಾಗಾಯ್ತು" ಅಂತ ಮಾಲೀಕರು ಹೇಳಿದ್ದುಂಟು.

ಸ್ಕ್ಯಾನರ್ ಹಾಕಿಸುವಾಗ ಬರೀ ಕೋಡ್ ಅಳಿಸಿ ಕಳಿಸುವವರ ಹತ್ತಿರ ಹೋಗಬೇಡಿ. ಫೋಕ್ಸ್‌ವ್ಯಾಗನ್ ಬಳಗದ ಗಾಡಿಗೆ (ಸ್ಕೋಡಾ ಅದೇ ಬಳಗ) ವಿಸಿಡಿಎಸ್ ಅನ್ನುವ ತಪಾಸಣೆ ಸಾಫ್ಟ್‌ವೇರ್ ಇರುವವರು ಬೇಕು. ಪಿ1297 ಕೋಡ್ ಬಂದಿದ್ದರೆ ಟರ್ಬೊ ಮತ್ತು ಥ್ರಾಟಲ್ ನಡುವೆ ಒತ್ತಡ ಕುಸಿಯುತ್ತಿದೆ ಅಂತ. ಪಿ0171 ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಾಲುತ್ತಿಲ್ಲ ಅಂತ. ವಿಸಿಡಿಎಸ್‌ನಲ್ಲಿ ಅಂಕೆಗಳು ಗ್ರೂಪುಗಳಾಗಿ ಕಾಣುತ್ತವೆ. ಗ್ರೂಪ್ 032ರಲ್ಲಿ ಇಂಜಿನ್ ತಾನಾಗಿಯೇ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದೆ ಅನ್ನುವುದು ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಗ್ರೂಪ್ 115ರಲ್ಲಿ ಇಂಜಿನ್ ಕಂಪ್ಯೂಟರ್ ಕೇಳಿದ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟು, ಸಿಕ್ಕ ಬೂಸ್ಟ್ ಎಷ್ಟು ಅಂತ ಕಾಣುತ್ತದೆ.

ಇಲ್ಲಿ ಈಚಿನ ವರ್ಷಗಳಲ್ಲಿ ಸೇರಿಕೊಂಡ ಒಂದು ಸಂಗತಿ ಇದೆ. ಈಗ ಬಂಕ್‌ನಲ್ಲಿ ಸಿಗುವುದು ಇ20 ಪೆಟ್ರೋಲ್, ಅದರಲ್ಲಿ ನೂರಕ್ಕೆ 20 ಭಾಗ ಎಥನಾಲ್. ಎಥನಾಲ್ ತಾನೇ ಆಮ್ಲಜನಕ ಹೊತ್ತು ತರುತ್ತದೆ. ಅದಕ್ಕೇ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬೇಕು, ಲೆಕ್ಕದಲ್ಲಿ ಶೇಕಡಾ 7-8ರಷ್ಟು. ನಿಮ್ಮ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, 2007ರದು. ಈ ಹೆಚ್ಚುವರಿಯನ್ನು ಅದು ಗ್ರೂಪ್ 032ರಲ್ಲಿ ಕಾಣುವ ತಿದ್ದುಪಡಿಯ ಖಾತೆಯಿಂದಲೇ ಭರಿಸಬೇಕು. ಶೇಕಡಾ 10ರ ಆಸುಪಾಸು ಹೋದರೆ ಮಾಮೂಲು ಅಂತ ನಾವು ನೋಡುತ್ತಿದ್ದ ಆ ಖಾತೆ ಈಗ ಏನೂ ಸೋರದಿದ್ದರೂ ಮುಕ್ಕಾಲು ಭಾಗ ಖರ್ಚಾಗಿರುತ್ತದೆ. ಮೊದಲು ಯಾರ ಗಮನಕ್ಕೂ ಬಾರದಿದ್ದ ಸಣ್ಣ ಬಿರುಕು ಈಗ ಲೈಟ್ ಹೊತ್ತಿಸುವುದು ಅದಕ್ಕೇ. ಹಳೇ ಟರ್ಬೊ ಗಾಡಿ ಇಟ್ಟುಕೊಂಡಿರುವ ಎಲ್ಲರೂ ಇದನ್ನು ತಿಳಿದಿರಬೇಕು. ಹಳೇ ರಬ್ಬರಿನ ಪೆಟ್ರೋಲ್ ಪೈಪುಗಳಿಗೂ ಎಥನಾಲ್ ಆಗಿಬರುವುದಿಲ್ಲ. ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ ಎಲ್ಲ ರಬ್ಬರ್ ಪೈಪನ್ನೂ ಎಥನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸಿ, ಫಿಲ್ಟರ್ ಹೊಸದು ಹಾಕಿಸಿ. ಇಂಜಿನ್ ಬಿಸಿ ಇರುವ ಕಡೆ ಪೆಟ್ರೋಲ್ ಜಿನುಗಿದರೆ ಬೆಂಕಿಯ ಅಪಾಯ. ಇದರಲ್ಲಿ ಉಳಿತಾಯ ನೋಡಬೇಡಿ.

ಇನ್ನು ಟೈಮಿಂಗ್ ಬೆಲ್ಟ್. ಸರ್ವಿಸ್ ಪುಸ್ತಕ 2015ಕ್ಕೆ ನಿಂತಿದೆ ಅಂದಿರಿ. ಬದಲಿಸಿದ ಬಿಲ್ಲು ಕೈಯಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಈ ಇಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. 20 ವಾಲ್ವ್ ಬಗ್ಗಿದರೆ ನಿಮ್ಮ ಮೂರು ಲಕ್ಷದ ಯೋಜನೆ ಅಲ್ಲಿಗೇ ಮುಗಿಯಿತು. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿ.

ವಾಟರ್ ಪಂಪ್ ಬಂತಲ್ಲ, "ಕಂಪನಿ ಪಾರ್ಟೇ ಒಳ್ಳೇದು, ಹೊರಗಿನದೆಲ್ಲ ಡೂಪ್ಲಿಕೇಟ್" ಅನ್ನುವ ನಂಬಿಕೆಯನ್ನೂ ಇಲ್ಲೇ ಬಿಡಿಸೋಣ. ಈ ಇಂಜಿನ್‌ಗೆ ಫ್ಯಾಕ್ಟರಿಯಿಂದ ಬಂದ ಪಂಪಿನ ಒಳಗಿನ ರೆಕ್ಕೆ ಪ್ಲಾಸ್ಟಿಕ್. ವಯಸ್ಸಾದಂತೆ ಅದು ಒಡೆಯುತ್ತದೆ, ಶಾಫ್ಟಿನ ಮೇಲೆ ಸುಮ್ಮನೆ ಜಾರುತ್ತದೆ. ಇಂಜಿನ್ ಬಿಸಿಯಾಗುತ್ತದೆ, ಆದರೆ ಹೊರಗಿನಿಂದ ಒಂದು ಹನಿ ನೀರೂ ಸೋರುವುದಿಲ್ಲ. ಹೊರಗಿನ ಒಳ್ಳೆ ತಯಾರಕರು ಲೋಹದ ರೆಕ್ಕೆಯ ಪಂಪ್ ಮಾಡುತ್ತಾರೆ. ಈ ಒಂದು ಪಾರ್ಟಿನ ಮಟ್ಟಿಗೆ ಹೊರಗಿನದೇ ಮೇಲು.

ಹೊರಗಿನ ಪಾರ್ಟ್ ಅಂದರೆ ಮೂರು ಬಗೆ. ಮೊದಲನೆಯದು ಫ್ಯಾಕ್ಟರಿಗೇ ಪೂರೈಸುವವರ ಮಾಲು. ಬಾಷ್, ಸಾಕ್ಸ್, ಲೆಮ್‌ಫೋರ್ಡರ್, ಐಎನ್‌ಎ, ಮಾನ್, ಮಾಹ್ಲೆ ಇಂಥವರದು. ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮ್ ಥರದ ಎರಕದ ಪಾರ್ಟನ್ನು ಬೆಳಕಿಗೆ ಹಿಡಿದರೆ, ಕಾರ್ ಕಂಪನಿಯ ಲಾಂಛನ ಇದ್ದ ಜಾಗವನ್ನು ಗ್ರೈಂಡರ್‌ನಲ್ಲಿ ಉಜ್ಜಿ ತೆಗೆದ ಗುರುತು ಕೆಲವೊಮ್ಮೆ ಕಾಣುತ್ತದೆ. ಒಂದೇ ಅಚ್ಚಿನಲ್ಲಿ ಬಂದ ಮಾಲು, ಡಬ್ಬಿ ಮಾತ್ರ ಬೇರೆ. ಎರಡನೆಯದು ಅಗ್ಗದ ನಕಲು. ರಬ್ಬರ್ ಮತ್ತು ಸೆನ್ಸರ್‌ಗಳಲ್ಲಿ ಇದನ್ನು ಹತ್ತಿರ ಸೇರಿಸಬೇಡಿ, ಆರು ತಿಂಗಳಿಗೆ ಮತ್ತೆ ಅದೇ ಕೆಲಸ. ಮೂರನೆಯದು ಪರ್ಫಾರ್ಮೆನ್ಸ್ ಪಾರ್ಟ್. ಅದು ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರೂ ಸಿಗುತ್ತವೆ, ಕೆಲವೊಮ್ಮೆ ಒಂದೇ ಅಂಗಡಿಯಲ್ಲಿ. ಪಾರ್ಟ್ ನಂಬರ್ ಹಿಡಿದು ಹೋಗಿ, ಬರೀ "ಆಕ್ಟೇವಿಯಾದ್ದು ಕೊಡಿ" ಅನ್ನಬೇಡಿ. ಶಿವಾಜಿನಗರದ ಗುಜರಿಯಲ್ಲಿ ಡೋರ್ ಹ್ಯಾಂಡಲ್, ಸ್ವಿಚ್, ಒಳಾಂಗಣದ ಪ್ಲಾಸ್ಟಿಕ್ ಧಾರಾಳವಾಗಿ ತನ್ನಿ. ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ಸಂಬಂಧದ್ದು ಮಾತ್ರ ಅಲ್ಲಿಂದ ಬೇಡವೇ ಬೇಡ.

ಆಯಿಲ್ ಬಗ್ಗೆ ಒಂದೇ ಮಾತು. ಫೋಕ್ಸ್‌ವ್ಯಾಗನ್‌ನ 502.00 ಗುಣಮಟ್ಟದ ಪೂರ್ಣ ಸಿಂಥೆಟಿಕ್ ಹಾಕಿ, ಮತ್ತು ಈಗಲೇ ಒಮ್ಮೆ ಸಂಪ್ (ಇಂಜಿನ್ ಅಡಿಯ ಆಯಿಲ್ ಬಟ್ಟಲು) ಇಳಿಸಿ ಒಳಗಿನ ಜಾಲರಿ ತೊಳೆಸಿ. ಹಿಂದಿನ ಮಾಲೀಕರು ಅಗ್ಗದ ಆಯಿಲ್ ಹಾಕಿದ್ದರೆ ಅದು ಕಪ್ಪು ಗಸಿಯಾಗಿ ಜಾಲರಿಯಲ್ಲಿ ಕಟ್ಟಿಕೊಂಡಿರುತ್ತದೆ. ಟರ್ಬೊ ನಿಜವಾಗಿ ಸಾಯುವುದು ಹೀಗೆ, ಆಯಿಲ್ ಸಿಗದೆ. ಇದನ್ನು ತೊಳೆಯದೆ ಹೊಸ ಟರ್ಬೊ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಈಗ ನಿಮ್ಮ ಆಸೆಗಳ ಪಟ್ಟಿ.

ರೀಮ್ಯಾಪ್ ಬೇಡ ಅನ್ನುವುದಿಲ್ಲ. 200 ಅನ್ನುವ ಅಂಕೆ ಬಿಡಿ. ನಮ್ಮಲ್ಲಿ ಬಂದ ಈ ಆರ್‌ಎಸ್ 150 ಎಚ್‌ಪಿಯದು, ಯುರೋಪಿನದು 180. ನಿಮ್ಮ ಗಾಡಿಯಲ್ಲಿರುವುದು ಚಿಕ್ಕ ಕೆ03 ಟರ್ಬೊ. ಆರೋಗ್ಯವಾಗಿರುವ ಇಂಜಿನ್‌ನಲ್ಲಿ ಒಳ್ಳೆ ಮ್ಯಾಪ್ 180ರಿಂದ 190ರವರೆಗೆ ತರುತ್ತದೆ. ನಿಮಗೆ ರಸ್ತೆಯಲ್ಲಿ ತಿಳಿಯುವುದು ಎಚ್‌ಪಿ ಅಲ್ಲ, ನಡು ಆರ್‌ಪಿಎಂನಲ್ಲಿ ಏರುವ ಟಾರ್ಕ್. ಆ ಟಾರ್ಕ್ ಮೊದಲು ಹಳೇ ಕ್ಲಚ್ಚನ್ನು ಹಿಡಿಯುತ್ತದೆ. ನಾಲ್ಕನೇ ಗೇರ್‌ನಲ್ಲಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ. ರೀಮ್ಯಾಪ್‌ನವರು ಯಾವ ಪೆಟ್ರೋಲ್‌ಗೆ ಮ್ಯಾಪ್ ಬರೆದಿದ್ದಾರೆ ಅಂತ ಕೇಳಿ. ಯುರೋಪಿನ 98 ಆಕ್ಟೇನ್‌ಗೆ ಬರೆದ ಫೈಲನ್ನು ಹಾಗೇ ತಂದು ತುಂಬುವವರಿದ್ದಾರೆ. ನಮ್ಮ ಇಂಧನಕ್ಕೆ, ನಿಮ್ಮ ಗಾಡಿಯನ್ನೇ ಓಡಿಸಿ, ಲಾಗ್ ನೋಡಿ ತಿದ್ದುವವರು ಸಿಕ್ಕರೆ ಮಾತ್ರ ಮಾಡಿಸಿ. ಮೂಲ ಫೈಲಿನ ಪ್ರತಿ ಪಡೆದು ಇಟ್ಟುಕೊಳ್ಳಿ.

ಗಾಳಿಯನ್ನು ಹೊರಗೆ ಬಿಟ್ಟು ಸದ್ದು ಮಾಡುವ ಬ್ಲೋ-ಆಫ್ ವಾಲ್ವ್ ಖಂಡಿತ ಬೇಡ. ಈ ಇಂಜಿನ್ ಒಳಬರುವ ಗಾಳಿಯನ್ನು ಏರ್ ಫಿಲ್ಟರ್ ಪಕ್ಕದ ಸೆನ್ಸರ್‌ನಲ್ಲೇ ಅಳೆದು, ಅದಕ್ಕೆ ತಕ್ಕ ಪೆಟ್ರೋಲ್ ಲೆಕ್ಕ ಹಾಕಿರುತ್ತದೆ. ಅಳೆದ ಗಾಳಿಯನ್ನು ನೀವು ಹೊರಗೆ ಚೆಲ್ಲಿದರೆ ಪೆಟ್ರೋಲ್ ಮಾತ್ರ ಒಳಗೆ ಹೋಗುತ್ತದೆ. ಗೇರ್ ಬದಲಿಸಿದಾಗಲೆಲ್ಲ ಗಾಡಿ ಮುಗ್ಗರಿಸುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಬಾಷ್‌ನ 710ಎನ್ ಅನ್ನುವ ಡೈವರ್ಟರ್ ವಾಲ್ವ್ ಹಾಕಿಸಿ. ಆಡಿ ಟಿಟಿಯ 225 ಎಚ್‌ಪಿ ಇಂಜಿನ್‌ನಲ್ಲಿ ಬಂದಿದ್ದು, ನಿಮ್ಮದಕ್ಕೆ ನೇರ ಕೂರುತ್ತದೆ. ಬಾನೆಟ್ ಒಳಗೆ ಬರಿಮೈಯಲ್ಲಿ ಕೂರುವ ಓಪನ್ ಏರ್ ಫಿಲ್ಟರ್ ಕೂಡ ಬೇಡ. ಅದು ಇಂಜಿನ್ ಬಿಸಿಯನ್ನೇ ಹೀರುತ್ತದೆ.

ಚಕ್ರದ ಬಗ್ಗೆ ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮದು 205/55 ಆರ್16. ಟೈರಿನ ಪಕ್ಕದ ಗೋಡೆ 113 ಮಿಲಿಮೀಟರ್. 225/40 ಆರ್18 ಹಾಕಿದರೆ ಅದು 90ಕ್ಕೆ ಇಳಿಯುತ್ತದೆ. ಅದರ ಮೇಲೆ ಲೋವರಿಂಗ್ ಸ್ಪ್ರಿಂಗ್ ಅಂದರೆ ನಮ್ಮ ಹಂಪು ಗುಂಡಿಗಳಲ್ಲಿ ರಿಮ್ ಬಗ್ಗುವುದು, ಅಲ್ಯೂಮಿನಿಯಂ ಸಂಪ್ ಬಡಿಯುವುದು ಎರಡೂ ಖಚಿತ. ಸಂಪ್ ಒಡೆದು ಆಯಿಲ್ ಹೋಗಿದ್ದು ಗೊತ್ತಾಗದೆ ಎರಡು ಕಿಲೋಮೀಟರ್ ಓಡಿಸಿದರೆ ಇಂಜಿನ್ ಹೋಯಿತು. 225/45 ಆರ್17 ಒಳ್ಳೆ ನಡುದಾರಿ. ಗೋಡೆ 101 ಮಿಲಿಮೀಟರ್ ಉಳಿಯುತ್ತದೆ, ಒಟ್ಟು ವ್ಯಾಸ ಎರಡೂವರೆ ಮಿಲಿಮೀಟರ್ ಅಷ್ಟೇ ಬದಲು, ಸ್ಪೀಡೋಮೀಟರ್ ಕೆಡುವುದಿಲ್ಲ. ಬೋಲ್ಟ್ ಅಳತೆ 5×100, ನಡುವಿನ ತೂತು 57.1. ಪೋಲೋ, ವೆಂಟೋ, ರ್‍ಯಾಪಿಡ್‌ಗೂ ಇದೇ ಅಳತೆ, ಹಾಗಾಗಿ ಹುಡುಕಲು ಕಷ್ಟವಿಲ್ಲ, ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಹೊರಗೆ ಕೂರುತ್ತದೆ ಅನ್ನುವುದು) ಮಾತ್ರ ನೋಡಿಕೊಳ್ಳಿ. 2017ರಲ್ಲಿ ಬಂದ ಹೊಸ ತಲೆಮಾರಿನ ಆಕ್ಟೇವಿಯಾ ಆರ್‌ಎಸ್ 230ರ ಚಕ್ರ ಚೆಂದ ಕಾಣುತ್ತದೆ, ಆದರೆ ಅದು 5×112. "ಅಡ್ಜಸ್ಟ್ ಮಾಡಿ ಕೂರಿಸ್ತೀವಿ" ಅಂದರೆ ಎದ್ದು ಬನ್ನಿ.

ಸ್ಪ್ರಿಂಗ್ ಬದಲು ಆ ದುಡ್ಡನ್ನು ಹೊಸ ಶಾಕ್ ಅಬ್ಸಾರ್ಬರ್ ಮತ್ತು ಮುಂದಿನ ಲೋಯರ್ ಆರ್ಮ್ ಬುಷ್‌ಗಳಿಗೆ ಹಾಕಿ. ಆರ್ಮ್‌ನ ಹಿಂದಿನ ಬುಷ್‌ಗೆ ಆಡಿ ಟಿಟಿಯ ಗಟ್ಟಿ ರಬ್ಬರಿನದು ಕೂರುತ್ತದೆ. ತಿರುವಿನಲ್ಲಿ ಮುಂಭಾಗ ಹೇಳಿದ ಹಾಗೆ ಕೇಳತೊಡಗುತ್ತದೆ. ಪಾಲಿಯುರಥೇನ್ ಬುಷ್ ದಿನಬಳಕೆಗೆ ಗಡಸು, ಕಿರುಗುಟ್ಟುತ್ತದೆ ಕೂಡ. ಈ ಗಾಡಿಗೆ ನಾನು ಹೇಳುವ ಅತ್ಯುತ್ತಮ ಮಾರ್ಪಾಡು ಯಾವುದು ಅಂತ ಕೇಳಿದರೆ ಈ ಬುಷ್, ಹೊಸ ಶಾಕ್, ಒಳ್ಳೆ ಟೈರು, ಹೊಸ ಬ್ರೇಕ್ ಆಯಿಲ್. ಚನ್ನಗಿರಿ ಕಡೆಯ ಖಾಲಿ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡಿಸಿದರೆ ನಿಮಗೇ ಗೊತ್ತಾಗುತ್ತದೆ.

ಕಾನೂನಿನ ಮಾತಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಇಟ್ಟಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕುವ ದೊಡ್ಡ ಎಕ್ಸಾಸ್ಟ್ ಎಮಿಷನ್ ಪರೀಕ್ಷೆಯಲ್ಲೂ ಫಿಟ್‌ನೆಸ್‌ನಲ್ಲೂ ಸಿಕ್ಕಿಬೀಳುತ್ತದೆ, ಬಡಾವಣೆಯ ಜನಕ್ಕೂ ಕಾಟ. ಹ್ಯಾಲೊಜೆನ್‌ಗೆ ಮಾಡಿದ ಹೆಡ್‌ಲೈಟ್ ಡೂಮಿನಲ್ಲಿ ಎಲ್‌ಇಡಿ ಬಲ್ಬ್ ಇಟ್ಟರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಗಾಜನ್ನು ಪಾಲಿಶ್ ಮಾಡಿಸಿ, ಒಳ್ಳೆ ಹ್ಯಾಲೊಜೆನ್ ಹಾಕಿ, ರಿಲೇ ಕೊಟ್ಟು ವೈರಿಂಗ್ ಮಾಡಿಸಿ. ವ್ಯತ್ಯಾಸ ನೋಡಿ ನಿಮಗೇ ಸಮಾಧಾನವಾಗುತ್ತದೆ. ಬಣ್ಣ ಬದಲಿಸಬಹುದು, ಆದರೆ ಆರ್‌ಸಿಯಲ್ಲಿ ನಮೂದಾಗಬೇಕು. ಆ ಕೆಂಪನ್ನು ಮಾತ್ರ ಉಳಿಸಿಕೊಳ್ಳಿ ಅಂತ ನನ್ನ ಮನವಿ. ಒಳ್ಳೆ ಟಿಂಕರಿಂಗ್ ಮಾಡಿಸಿ ಅದೇ ಕೆಂಪಿಗೆ ಹೊಳಪು ತಂದರೆ ಗಾಡಿಗೂ ಬೆಲೆ, ಮುಂದೆ ಮಾರುವಾಗಲೂ ಬೆಲೆ. ರೀಮ್ಯಾಪ್ ಸೇರಿ ಏನೇ ಬದಲಿಸಿದರೂ ವಿಮಾ ಕಂಪನಿಗೆ ಬರೆದು ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದ ದಿನ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ದುಡ್ಡಿನ ಹಂಚಿಕೆ ಹೀಗಿರಲಿ. ಮೂರು ಲಕ್ಷದಲ್ಲಿ ಮೊದಲ ಒಂದೂವರೆ ಬೆಲ್ಟ್, ಪಂಪ್, ಗಾಳಿ ಮತ್ತು ಪೆಟ್ರೋಲ್ ಪೈಪುಗಳು, ಸಂಪ್ ಕೆಲಸ, ಬ್ರೇಕ್, ಬುಷ್, ಶಾಕ್‌ಗೆ. 50 ಸಾವಿರ ಮುಟ್ಟದೆ ಇಡಿ. ಹಳೇ ಗಾಡಿ ಬಿಚ್ಚಿದ ಮೇಲೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಹೀಗೆ ಸರಿಯಾದ ಗಾಡಿಯನ್ನು ಒಂದು ಮಳೆಗಾಲ ಓಡಿಸಿ. ಆಮೇಲೆ ಉಳಿದ ಒಂದು ಲಕ್ಷದಲ್ಲಿ 17 ಇಂಚಿನ ಚಕ್ರವೋ, ರೀಮ್ಯಾಪೋ, ಸೀಟಿನ ಹೊದಿಕೆಯೋ, ಯಾವುದು ಬೇಕು ಅಂತ ನಿಮಗೇ ಹೊಳೆಯುತ್ತದೆ.

ಗಾಳಿ ಪರೀಕ್ಷೆ ಮಾಡಿಸಿದ ಮೇಲೆ ಗ್ರೂಪ್ 032 ಮತ್ತು 115ರ ಅಂಕೆಗಳನ್ನು ಬರೆದು ಕಳಿಸಿ. 115ರದ್ದನ್ನು ಮೂರನೇ ಗೇರ್‌ನಲ್ಲಿ, 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ ತೆಗೆದದ್ದು ಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೂತು ಲ್ಯಾಪ್‌ಟಾಪ್ ನೋಡಿಕೊಳ್ಳಲಿ, ನೀವು ರಸ್ತೆ ನೋಡಿ. ಅಷ್ಟು ಸಿಕ್ಕರೆ ಟರ್ಬೊ ಬದಲಿಸಬೇಕೋ ಬೇಡವೋ ಅಂತ ಖಚಿತವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಟರ್ಬೊಗೆ ಮುಂಗಡ ಕೊಡಬೇಡಿ.